ಆವ್ರೋ ಕಟ್ಟಿದವರು

ಜಗದೇವಪ್ಪನ ಕೈ ನಡುಗತೊಡಗಿ ಎರಡು ವರ್ಷ ದಾಟಿತ್ತು. ಮನೆಯವರನ್ನು ಬಿಟ್ಟರೆ ಶಹಾಪುರದಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಹೊರಗೆ ಹೊರಟಾಗ ಅವನು ಬೇಸಿಗೆಯಲ್ಲೂ ಶಾಲು ಹೊದ್ದು ಕೈಗಳನ್ನು ಅದರೊಳಗೆ ಇಟ್ಟುಕೊಳ್ಳುತ್ತಿದ್ದ. ಯಾರ ಮನೆಗೆ ಹೋದರೂ ಚಹಾ ಮುಟ್ಟುತ್ತಿರಲಿಲ್ಲ. "ಚಾ ಬಿಟ್ಟೀನ್ರಿ, ಪಿತ್ತ ಆಗ್ತದ" ಅನ್ನುತ್ತಿದ್ದ. ಮನೆಗೆ ಬಂದ ಕೂಡಲೇ ಹೆಂಡತಿ ಶಿವಬಸಮ್ಮ ಅರ್ಧ ಲೋಟ ಚಹಾ ತಂದುಕೊಡುತ್ತಿದ್ದಳು. ತುಂಬಿದ ಲೋಟ ಕೊಟ್ಟರೆ ಧೋತರದ ಮೇಲೆ ಚೆಲ್ಲುತ್ತಿತ್ತು.

ಊರಿನಲ್ಲಿ ಅವನಿಗೆ ವಿಮಾನದ ಜಗದೇವಪ್ಪ ಅಂತಲೇ ಹೆಸರು. ವಾಯುಸೇನೆಯಲ್ಲಿ ಇಪ್ಪತ್ತು ವರ್ಷ ವಿಮಾನ ರಿಪೇರಿಯ ಫಿಟ್ಟರ್ ಆಗಿದ್ದು, ಆಮೇಲೆ ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ತಾನು ಕೈಯಾಡಿಸಿದ ವಿಮಾನಗಳನ್ನೇ ಅಳತೆ ತಪ್ಪದಂತೆ ಚಿಕ್ಕದಾಗಿ ಕಟ್ಟುವ ಹವ್ಯಾಸ ಅವನಿಗೆ ಸೇನೆಯಲ್ಲಿದ್ದಾಗಲೇ ಅಂಟಿಕೊಂಡಿತ್ತು. ಬೆಂಡಿನಷ್ಟು ಹಗುರವಾದ ಬಾಲ್ಸಾ ಕಟ್ಟಿಗೆಯ ತೆಳು ಹಲಗೆಗಳನ್ನು ಪಾರ್ಸಲ್ಲಿನಲ್ಲಿ ತರಿಸಿ, ಬ್ಲೇಡಿನಿಂದ ಒಂದೊಂದೇ ತುಂಡು ಕೊಯ್ದು, ಪಾಲಿಶ್ ಪೇಪರಿನಿಂದ ತಿಕ್ಕಿ, ಅಂಟಿಸಿ, ಮೇಲೆ ತೆಳ್ಳನೆಯ ಕಾಗದ ಬಿಗಿದು ಬಣ್ಣ ಹಚ್ಚುತ್ತಿದ್ದ. ಪಡಸಾಲೆಯ ಪಕ್ಕದ ಕೋಣೆಯ ಗಾಜಿನ ಕಪಾಟಿನಲ್ಲಿ ಡಕೋಟಾ, ನ್ಯಾಟ್ ಎಲ್ಲ ಸಾಲಾಗಿ ನಿಂತಿದ್ದವು. ಓಣಿಯ ಮಕ್ಕಳು ಕಿಟಕಿಗೆ ಮೂಗು ಹಚ್ಚಿ ನೋಡುತ್ತಿದ್ದವು.

ಕಿರಣ್ ವಿಮಾನ ಅರ್ಧ ಆಗಿದ್ದಾಗ ಕೈ ನಡುಕ ಶುರುವಾಯಿತು. ಒಂದು ಮಧ್ಯಾಹ್ನ ಸೊಸೆ ಸೌಭಾಗ್ಯ ಕೋಣೆ ಗುಡಿಸಲು ಹೋದಾಗ ಅವನು ಉಗುರಿನಷ್ಟು ತುಂಡೊಂದನ್ನು ರೆಕ್ಕೆಗೆ ಅಂಟಿಸಲು ಹೆಣಗುತ್ತಿದ್ದ. ಮೈಯೆಲ್ಲ ಬೆವರು.

"ಕೊಡ್ರಿ ಮಾವಾರ, ನಾ ಹಿಡೀತೀನಿ."

ಅವಳು ಹಿಡಿದಳು. ಮರುದಿನ ತಾನೇ ಅಂಟಿಸಿದಳು. ಆ ವಿಮಾನ ಮುಗಿಯುವ ಹೊತ್ತಿಗೆ ಕೊಯ್ಯುವುದು, ತಿಕ್ಕುವುದು, ಬಣ್ಣ ಹಚ್ಚುವುದು ಎಲ್ಲ ಅವಳ ಪಾಲಿಗೆ ಬಂದಿತ್ತು. ಅವನು ಕುರ್ಚಿಯಲ್ಲಿ ಕೂತು ಹೇಳುತ್ತಿದ್ದ.

"ಗಡಬಡ ಮಾಡಬ್ಯಾಡ. ಕಟ್ಟಿಗಿ ಎಳಿ ಯಾವ ಕಡಿ ಅದ ಮೊದಲ ನೋಡು. ಎಳಿ ಹಿಡಕೊಂಡ ಹೋಗು."

"ಗೊತ್ತದ್ರಿ ಮಾವಾರ."

"ಗೊತ್ತದ ಅಂದಾಕಿ ನಿನ್ನೆ ರೆಕ್ಕಿದು ಎರಡ ಎಲುಬು ಮುರದಿ."

"ನೀವು ಮಾತಾಡಿಸಿದ್ರಿ, ಅದಕ್ಕ ಮುರದ್ವು."

ಜಗದೇವಪ್ಪ ನಗುತ್ತಿದ್ದ. ಮಗನೊಡನೆ ಅವನು ಹಾಗೆ ನಕ್ಕಿದ್ದನ್ನು ಸೌಭಾಗ್ಯ ಎಂದೂ ನೋಡಿರಲಿಲ್ಲ. ಬೆಳಿಗ್ಗೆ ನಳದ ನೀರು ಹಿಡಿದು, ರೊಟ್ಟಿ ಬಡಿದು, ಮಗಳು ನಂದಿನಿಯನ್ನು ಶಾಲೆಗೆ ಕಳಿಸಿ, ಗಂಡ ಸಂಗಮನಾಥನ ಮೋಟಾರು ವೈಂಡಿಂಗ್ ಅಂಗಡಿಗೆ ಬುತ್ತಿ ಕಟ್ಟಿಕೊಟ್ಟು, ಬಟ್ಟೆ ಒಗೆದು, ಎಲ್ಲರದೂ ಊಟವಾದ ಮೇಲೆ ಅವಳು ಆ ಕೋಣೆಗೆ ಹೋಗುತ್ತಿದ್ದಳು. ಸಂಜೆಯ ಕೆಲಸ ಹತ್ತುವವರೆಗೆ ಅಲ್ಲೇ ಇರುತ್ತಿದ್ದಳು. ಬಾಗಿಲೂ ಓಣಿಯ ಕಡೆಯ ಕಿಟಕಿಯೂ ಮುಚ್ಚಿರುತ್ತಿದ್ದವು. ಪಕ್ಕದ ಮನೆಯ ದಾವಲಬೀ ಬಂದು ಕೇಳಿದರೆ ಶಿವಬಸಮ್ಮ, "ಸೌಭಾಗ್ಯ ಮಲಗ್ಯಾಳವಾ, ತಲಿ ನೋಯಾಕತ್ತದಂತ" ಅನ್ನುತ್ತಿದ್ದಳು. ಹೀಗೆ ದಿನಾ ಸೊಸೆಯ ತಲೆ ನೋಯಿಸಿ ನೋಯಿಸಿ ಅವಳು ಗಂಡನ ಗುಟ್ಟು ಕಾದಳು.

ಈ ಸಲ ಶುರುವಾಗಿದ್ದು ಆವ್ರೋ. ಎರಡು ಎಂಜಿನ್ನಿನ ಸಾಗಾಟದ ವಿಮಾನ. ಜಗದೇವಪ್ಪ ಹೆಚ್ಚು ವರ್ಷ ದುಡಿದದ್ದು ಅದರ ಮೇಲೆಯೇ. ಒಂದು ರೆಕ್ಕೆತುದಿಯಿಂದ ಇನ್ನೊಂದಕ್ಕೆ ಮೂರಡಿಗೂ ಮಿಕ್ಕಿ ಬರುವಂತೆ ನಕ್ಷೆ ಹಾಕಿಸಿದ್ದ. ಅಷ್ಟು ದೊಡ್ಡದನ್ನು ಅವನು ಮೊದಲು ಎಂದೂ ಕಟ್ಟಿರಲಿಲ್ಲ.

ರೆಕ್ಕೆಯ ಎಲುಬು ಕೊಯ್ಯುವ ಕೆಲಸ ನಡೆದಿದ್ದಾಗ ಯಾದಗಿರಿಯಲ್ಲಿ ಒಂದು ವಿಜ್ಞಾನ ಪ್ರದರ್ಶನವಾಯಿತು. ಕಿರಣ್ ವಿಮಾನವನ್ನು ಅಲ್ಲಿಡಬೇಕೆಂದು ಕರೆ ಬಂತು. ಮನೆಮಂದಿಯೆಲ್ಲ ಹೋದರು. ರಟ್ಟಿನ ಡಬ್ಬಿಯನ್ನು ದಾರಿಯುದ್ದಕ್ಕೂ ಸೌಭಾಗ್ಯ ತೊಡೆಯ ಮೇಲೆ ಹಿಡಿದು ಕೂತಿದ್ದಳು. ವೇದಿಕೆಯ ಮೇಲೆ ಜಗದೇವಪ್ಪನಿಗೆ ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಬುಟ್ಟಿಯನ್ನು ಸಂಗಮನಾಥ ಹೋಗಿ ಇಸಿದುಕೊಂಡ. ಮೈಕು ಹಿಡಿದ ಹುಡುಗನೊಬ್ಬ ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತ ಕೇಳಿದ:

"ಅಜ್ಜಾರ, ಇಷ್ಟು ಸಣ್ಣ ಕೆಲಸ ಮಾಡಾಕ ಯಾರರೆ ಕೈಗೂಡಿಸ್ತಾರೇನ್ರಿ?"

"ಯಾರೂ ಇಲ್ಲಪಾ. ಇದು ಒಬ್ಬರ ಕೆಲಸ. ಇಬ್ಬರ ಕೈ ಬಿದ್ರ ಅಳತಿ ಕೆಡ್ತದ."

ಚಪ್ಪಾಳೆ ಬಿತ್ತು. ಹೆಂಗಸರ ಕುರ್ಚಿಯಲ್ಲಿ ನೀರಿನ ಬಾಟಲಿ ಹಿಡಿದು ಕೂತಿದ್ದ ಸೌಭಾಗ್ಯಳೂ ಚಪ್ಪಾಳೆ ಹೊಡೆದಳು. ಪಕ್ಕದಲ್ಲಿದ್ದ ನಂದಿನಿ ವೇದಿಕೆಯ ಮೇಲಿದ್ದ ಅಜ್ಜನನ್ನೂ ತಾಯಿಯ ಮುಖವನ್ನೂ ನೋಡಿ, "ಮಮ್ಮಿ, ಮುತ್ತ್ಯಾ ಯಾಕ ಹಂಗಂದ?" ಅಂದಳು.

"ಸುಮ್ಕ ಕೂಡು."

ಮರುದಿನ ಬೆಳಿಗ್ಗೆ ಸಂಗಮನಾಥ ಸ್ನಾನ ಮುಗಿಸಿ ಹಣೆಗೆ ವಿಭೂತಿ ಹಚ್ಚುತ್ತಿದ್ದಾಗ ಸೌಭಾಗ್ಯ ಬುತ್ತಿ ಕಟ್ಟುತ್ತ ಕೇಳಿದಳು.

"ನನ್ನ ಹೆಸರು ಹೇಳಿದ್ರ ಏನ್ ಹೋಗ್ತಿತ್ತು?"

"ಯಾರು?"

"ಯಾರೇನ್ರಿ? ಮಾವಾರು. ಪೂರಾ ಒಂದು ವರ್ಷ ಕಣ್ಣು ಕಳಕೊಂಡು ಮಾಡೀನಿ. ಸೊಸಿನೂ ಜರಾ ಮಾಡ್ತಾಳ ಅಂತ ಅನ್ನಬಹುದಿತ್ತು."

"ಮುದುಕ ಮನಶಾ. ಮಂದಿ ಮುಂದ ಏನೋ ಅಂದ. ಬಿಡು."

"ನಿಮ್ಮ ಅಂಗಡ್ಯಾಗ ನೀವು ಸುತ್ತಿದ ಮೋಟಾರ್ ಬ್ಯಾರೇದವ್ರು ಒಯ್ದು ತಾವ ಸುತ್ತೀವಿ ಅಂದ್ರ ಬಿಡ್ತೀರೇನು?"

"ಅದು ಹೊಟ್ಟಿಪಾಡು, ಇದು ಟೈಮ್‌ಪಾಸು. ಎರಡೂ ಒಂದೇನು?" ಅವನು ಬುತ್ತಿ ಎತ್ತಿಕೊಂಡ. "ಪುಂಡಿಪಲ್ಯ ಹಾಕೀಯಿಲ್ಲೋ?"

"ಹಾಕೀನಿ."

ಅವತ್ತು ಮಧ್ಯಾಹ್ನವೂ ಅವಳು ಕೋಣೆಗೆ ಹೋದಳು. ಜಗದೇವಪ್ಪ ಎಂದಿನಂತೆ, "ಬಾರವ್ವಾ, ನಿನ್ನೆ ಒಂದು ದಿನ ಹಾಳಾತು" ಅಂದ. ಅವಳು ಬ್ಲೇಡು ಹಿಡಿದಳು. ಆ ವಾರ ಇಬ್ಬರೂ ಕೆಲಸದ ಮಾತು ಬಿಟ್ಟು ಬೇರೆ ಏನೂ ಆಡಲಿಲ್ಲ.

ಯಾದಗಿರಿಯ ಆ ವಿಡಿಯೋ ಊರೆಲ್ಲ ಹರಿದಾಡಿತು. ನಂದಿನಿಯ ಶಾಲೆಯ ವಿಜ್ಞಾನ ಮಾಸ್ತರ ಬೀರಣ್ಣ ಅದನ್ನು ಎಂಟನೆಯ ತರಗತಿಯ ಮಕ್ಕಳಿಗೆ ತೋರಿಸಿ, "ನೋಡ್ರಿ, ನಮ್ಮ ನಂದಿನಿ ಮುತ್ತ್ಯಾ" ಅಂದ. ನಂದಿನಿ ಎದ್ದು ನಿಂತಳು.

"ಸರ್, ಅದು ಮುತ್ತ್ಯಾ ಮಾಡಿದ್ದಲ್ರಿ. ನಮ್ಮ ಮಮ್ಮಿ ಮಾಡ್ಯಾಳ."

ಮಕ್ಕಳು ನಕ್ಕವು. ಹಿಂದಿನ ಬೆಂಚಿನಿಂದ ಒಬ್ಬಳು, "ಫೇಕೂ, ಬರೇ ಸುಳ್ಳ ಹೇಳ್ತಾಳ" ಅಂದಳು. ಹುಡುಗಿಗೆ ಅಳು ಬಂತು. ಅವಳು ಮಾರನೆಯ ದಿನ ಅರ್ಧ ದಿನದ ಶಾಲೆ ಮುಗಿಸಿ ಬಂದು, ತಾಯಿ ಆವ್ರೋದ ಎಲುಬು ಕೊಯ್ಯುವುದನ್ನು ಕಿಟಕಿಯ ಸಂದಿನಿಂದ, ತಂದೆ ಮನೆಯಲ್ಲಿ ಬಿಟ್ಟುಹೋಗಿದ್ದ ಮೊಬೈಲಿನಲ್ಲಿ ಹಿಡಿದು, ಅದನ್ನು ಬೀರಣ್ಣನ ಮೊಬೈಲಿಗೆ ಕಳಿಸಿಬಿಟ್ಟಳು. ಅದರಲ್ಲಿ ಜಗದೇವಪ್ಪನೂ ಇದ್ದ. ಕುರ್ಚಿಯಲ್ಲಿ ಕೂತು ಎರಡೂ ಕೈಗಳನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದಿದ್ದ.

ಬೀರಣ್ಣ ಅದನ್ನು ಶಾಲೆಯ ಮುಖ್ಯ ಅಧ್ಯಾಪಕಿ ರೇಣುಕಾದೇವಿಗೆ ತೋರಿಸಿದ. ರವಿವಾರ ಇಬ್ಬರೂ ಮನೆಗೆ ಬಂದರು. ಶಿವಬಸಮ್ಮ ಚಾಪೆ ಹಾಸಿ, ಸೊಸೆಗೆ ಚುರುಮುರಿಯ ಸೂಸಲಾ ಮಾಡಲು ಹೇಳಿದಳು. ರೇಣುಕಾದೇವಿ, "ಏನೂ ಬ್ಯಾಡ್ರಿ, ಸೌಭಾಗ್ಯ ಅವರನ್ನ ಜರಾ ಕರೀರಿ" ಅಂದಳು.

ಸೌಭಾಗ್ಯ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಗೋಡೆಗೆ ಒರಗಿ ನಿಂತಳು.

"ನಮ್ಮ ಸಾಲ್ಯಾಗ ಹೊಸದಾಗಿ ಕೈಕೆಲಸದ ತಾಸು ಇಟ್ಟೀವ್ರಿ. ವಾರಕ್ಕ ಮೂರು ಮಧ್ಯಾಹ್ನ. ನೀವು ಬಂದು ಮಕ್ಕಳಿಗೆ ವಿಮಾನ ಕಟ್ಟೂದು ಕಲಸ್ರಿ. ಪಗಾರ ಭಾಳ ಇಲ್ಲ, ಖರೇ ಹೇಳ್ತೀನಿ. ಆದ್ರ ಮಾಸ್ತರ ಲೆಕ್ಕದಾಗ ನಿಮ್ಮ ಹೆಸರು ಬರ್ತದ."

ಜಗದೇವಪ್ಪ ಶಾಲಿನೊಳಗಿನಿಂದ ಕೈ ತೆಗೆಯಲಿಲ್ಲ. "ನಿಮಗ ಯಾರೋ ತಪ್ಪು ಹೇಳ್ಯಾರ. ಆಕಿ ಬರೇ ಪಾಲಿಶ್ ಪೇಪರ್ ತಿಕ್ಕತಾಳ."

"ನಾವು ವಿಡಿಯೋ ನೋಡೀವ್ರಿ ಅಪ್ಪಾರ" ಅಂದ ಬೀರಣ್ಣ ಮೆಲ್ಲಗೆ.

"ಎಂಥಾ ವಿಡಿಯೋ?"

ಬಾಗಿಲ ಮರೆಯಲ್ಲಿದ್ದ ನಂದಿನಿ ಒಳಗೆ ಓಡಿದಳು. ಅವಳ ಓಟ ನೋಡಿಯೇ ಜಗದೇವಪ್ಪನಿಗೆ ಎಲ್ಲ ತಿಳಿಯಿತು. ರೇಣುಕಾದೇವಿ ಎದ್ದು, "ವಿಚಾರ ಮಾಡಿ ಹೇಳ್ರಿ, ಗಡಬಡ ಇಲ್ಲ" ಎಂದು ಹೊರಟಳು. ಸೂಸಲಾ ತಾಟಿನಲ್ಲೇ ಆರಿತು.

ಅವತ್ತು ಊಟಕ್ಕೆ ಕೂತಾಗ ಜಗಳ ಎದ್ದಿತು.

"ಮನಿಯಾಗ ಕಳ್ಳರನ್ನ ಸಾಕೀನಿ" ಎಂದ ಜಗದೇವಪ್ಪ. "ಮೊಮ್ಮಗಳು ಕಿಟಕಿಯಾಗ ನಿಂತು ಮುತ್ತ್ಯಾನ ಇಜ್ಜತ್ ತೆಗದಾಳ."

"ಸಣ್ಣ ಹುಡುಗಿ, ಆಕಿಗೇನ್ ತಿಳೀತದಪ್ಪಾ?" ಎಂದ ಸಂಗಮನಾಥ.

"ಆಕಿಗೆ ತಿಳೀಲಿಲ್ಲ ಅಂದ್ರ ಕಲಿಸಿದವರಿಗೆ ತಿಳೀತದ."

ಸೌಭಾಗ್ಯ ರೊಟ್ಟಿಯ ಬುಟ್ಟಿ ಕೆಳಗಿಟ್ಟಳು. "ನಾ ಕಲಿಸಿಲ್ರಿ ಮಾವಾರ. ಆದ್ರ ಆಕಿ ಸುಳ್ಳೂ ಹೇಳಿಲ್ಲ."

"ಅಂದ್ರ ನಾ ಸುಳ್ಳ ಹೇಳೀನಿ?"

"ಯಾದಗಿರ್ಯಾಗ ಹೇಳಿದ್ದು ಖರೇ ಏನ್ರಿ?"

"ಸೌಭಾಗ್ಯಾ!" ಶಿವಬಸಮ್ಮ ನಡುವೆ ಬಾಯಿ ಹಾಕಿದಳು. "ಉಣ್ಣೂ ಮುಂದ ಏನಿದು? ಬ್ಯಾಳಿ ನೀಡು."

"ನಾ ಕಲಿಸಿದ ವಿದ್ಯಾ ಅದು" ಎಂದ ಜಗದೇವಪ್ಪ. ತುತ್ತು ಎತ್ತುವ ಕೈ ತಾಟಿಗೆ ಬಡಿದು ಸದ್ದು ಮಾಡುತ್ತಿತ್ತು. "ನಾ ಇಲ್ದಿದ್ರ ಈಕಿಗೆ ವಿಮಾನದ ಮೂತಿ ಯಾವ್ದು ಬಾಲ ಯಾವ್ದು ಗೊತ್ತಿರಲಿಲ್ಲ. ಈಗ ಸಾಲಿಗೆ ಹೋಗಿ ನಾ ಮಾಡೀನಿ ಅಂತಾಳಂತ. ಊರ ಮಂದಿ ಏನಂತಾರ? ಮುದುಕ ಸೊಸಿ ದುಡತದಾಗ ಹಾರ ಹಾಕ್ಕೊಂಡ ಅಂತಾರ."

"ನೀವು ಕಲಿಸಿದ್ರಿ ಅಂತ ನಾ ಎಲ್ಲಾರ ಮುಂದ ಹೇಳ್ತೀನ್ರಿ. ದಿನಾ ಹೇಳ್ತೀನಿ. ನೀವು ಒಂದು ದಿನ ನನ್ನ ಹೆಸರು ಹೇಳ್ರಿ, ಸಾಕು."

ಜಗದೇವಪ್ಪ ತಾಟು ದೂಡಿ ಎದ್ದ. ಹೆಸರುಬೇಳೆ ನೆಲದ ಮೇಲೆ ಹರಿಯಿತು. ಶಿವಬಸಮ್ಮ ಗಂಡನ ಹಿಂದೆ ಹೋದಳು, ಸೌಭಾಗ್ಯ ನೆಲ ಒರೆಸಿದಳು, ಸಂಗಮನಾಥ ತನ್ನ ರೊಟ್ಟಿ ಮುಗಿಸಿ ಕೈ ತೊಳೆದುಕೊಂಡ.

ಅಂದಿನಿಂದ ಜಗದೇವಪ್ಪ ನಂದಿನಿಯೊಡನೆ ಮಾತು ಬಿಟ್ಟ. ಶಾಲೆಯಿಂದ ಬಂದ ಹುಡುಗಿ "ಮುತ್ತ್ಯಾ" ಎಂದರೆ ಪೇಪರು ಮುಖಕ್ಕೆ ಹಿಡಿಯುತ್ತಿದ್ದ. ಊಟ ಕೋಣೆಗೇ ಹೋಗುತ್ತಿತ್ತು. ಮಧ್ಯಾಹ್ನ ಬಾಗಿಲಿಗೆ ಒಳಗಿನಿಂದ ಚಿಲಕ ಬೀಳುತ್ತಿತ್ತು. ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದ ಸೌಭಾಗ್ಯಳಿಗೆ ಕಟ್ಟಿಗೆ ಮುರಿಯುವ ಸಣ್ಣ ಸದ್ದು ಕೇಳುತ್ತಿತ್ತು. ಒಂದು, ಸ್ವಲ್ಪ ಹೊತ್ತಿಗೆ ಇನ್ನೊಂದು. ಸಂಜೆ ಕಸ ಗುಡಿಸಲು ಹೋದರೆ ಮೇಜಿನ ಕೆಳಗೆ ಓರೆಯಾಗಿ ಕೊಯ್ದ ಚೂರುಗಳು ಬಿದ್ದಿರುತ್ತಿದ್ದವು. ಅವಳು ಮಾಡಿಟ್ಟಿದ್ದ ಒಡಲು, ಎಡರೆಕ್ಕೆ ಮಾತ್ರ ಹಾಗೇ ಇದ್ದವು.

ಎರಡು ವಾರ ಕಳೆದವು. ಅಂಗಡಿಗೆ ಬಂದವರೆಲ್ಲ, "ಏನಪಾ, ನಿನ್ನ ಹೆಂಡ್ತಿ ಸಾಲಿಗೆ ಹೊಂಟಾಳಂತಲ್ಲ" ಎಂದು ಕೇಳುತ್ತಿದ್ದುದರಿಂದ ಸಂಗಮನಾಥನಿಗೆ ಒಂದು ತೀರ್ಮಾನ ಮಾಡಲೇಬೇಕಾಯಿತು.

"ಸೋಮವಾರ ಹೋಗಿ ಹೂಂ ಅಂದು ಬಾ" ಎಂದ ಹೆಂಡತಿಗೆ.

"ಮಾವಾರು?"

"ನಾಲ್ಕು ದಿನ ಮುಖ ಉಬ್ಬಸ್ತಾನ. ಆಮ್ಯಾಲ ತಾನ ಸರಿ ಆಗ್ತಾನ. ಅವ್ವಗ ಹೇಳೀನಿ."

"ಅತ್ಯಾರು ಏನಂದ್ರು?"

"ಏನೂ ಅನ್ಲಿಲ್ಲ. ಹೂಂ ಅಂದ್ಲು."

ಸೋಮವಾರ ಸೌಭಾಗ್ಯ ಮದುವೆ ಮುಂಜಿವೆಗೆ ಉಡುವ ಇಳಕಲ್ ಸೀರೆ ಉಟ್ಟು ಹೋದಳು. ಸಂಗಡ ತಾನು ಕೊಯ್ದ ಎರಡು ಎಲುಬುಗಳನ್ನು ಕಾಗದದಲ್ಲಿ ಸುತ್ತಿಕೊಂಡಿದ್ದಳು. ರೇಣುಕಾದೇವಿ ಅವಳನ್ನು ಕೂರಿಸಿ, ನೀರು ಕೊಟ್ಟು, ಬಹಳ ಹೊತ್ತು ಮೇಜಿನ ಮೇಲಿದ್ದುದನ್ನೆಲ್ಲ ಸರಿಸಿಡುತ್ತಿದ್ದಳು.

"ನಿಮ್ಮ ಅತ್ತಿಯವರು ಶನಿವಾರ ಬಂದಿದ್ರು" ಅಂದಳು ಕೊನೆಗೆ.

"ಯಾರು? ನಮ್ಮ ಅತ್ಯಾರಾ?"

"ಆಟೋ ಮಾಡ್ಕೊಂಡು ಒಬ್ಬರ ಬಂದಿದ್ರು. ನನ್ನ ಕೈ ಹಿಡಕೊಂಡು ಅತ್ರು. ಆಕಿನ್ನ ತಗೋಬ್ಯಾಡ್ರಿ, ನಮ್ಮ ಮನಿಯವ್ರು ಎದಿ ಒಡಕೊಂಡು ಸಾಯ್ತಾರ ಅಂದ್ರು. ಅಷ್ಟು ಹಿರ್ಯಾಕಿ ಕೈಮುಗದು ನಿಂತ್ರ ನಾ ಏನ್ ಮಾಡ್ಲಿ, ನೀವ ಹೇಳ್ರಿ."

ಸೌಭಾಗ್ಯ ಎಲುಬು ಸುತ್ತಿದ್ದ ಕಾಗದವನ್ನು ಬಿಚ್ಚದೆ ಮಡಿಲಲ್ಲಿಟ್ಟುಕೊಂಡಳು.

"ಒಂದು ಹಾದಿ ಅದ. ನಮ್ಮ ಮಕ್ಕಳನ್ನ ಒಂದು ದಿನ ನಿಮ್ಮ ಮನಿಗೆ ಕಳಸ್ತೀನಿ. ಅಪ್ಪಾರು ಹೇಳ್ಲಿ, ನೀವು ಕೈಯಾಡ್ಸ್ರಿ. ಬೀರಣ್ಣ ವಿಡಿಯೋ ತೆಗೀತಾನ. ಕಲಿಯೂದು ಮುಖ್ಯ, ಯಾರ ಹೆಸರಾದ್ರೇನು?"

"ಹೌದ್ರಿ" ಅಂದಳು ಸೌಭಾಗ್ಯ. "ಯಾರ ಹೆಸರಾದ್ರೇನು?"

ಮನೆಗೆ ಬಂದಾಗ ಶಿವಬಸಮ್ಮ ಒಲೆಯ ಮುಂದೆ ಕೂತು ಸಜ್ಜೆಹಿಟ್ಟು ನಾದುತ್ತಿದ್ದಳು. ತಲೆ ಎತ್ತಲಿಲ್ಲ.

"ಸೀರಿ ಬದಲ ಮಾಡಿ ಬಾ. ಹಿಟ್ಟು ಹತ್ತೀತು."

"ನನ್ನ ಕೆಲಸ ಕಳದು ಬಂದೀರಿ ಅಂತ."

"ಬಂದೀನಿ."

"ನಿಮ್ಮ ಮಗ ಹೇಳಿದಾಗ ಬ್ಯಾಡ ಅನ್ನಬೇಕಿತ್ತು. ಆಗ ಹೂಂ ಅಂದು, ಹಿಂದ ಹೋಗಿ ಯಾಕ ಚೂರಿ ಹಾಕಿದ್ರಿ?"

ಶಿವಬಸಮ್ಮ ಹಿಟ್ಟಿನ ಕೈ ನಿಲ್ಲಿಸಿದಳು. "ನೀ ವಯಸ್ಸಿನಾಕಿ. ಈ ಕೆಲಸ ಹೋದ್ರ ಇನ್ನೊಂದು ಸಿಗ್ತದ. ಆ ಮನಶಾಗ ಇದೊಂದ ಉಳದದ. ಅಂಗಿ ಗುಂಡಿ ನಾ ಹಾಕ್ತೀನಿ, ನಿನಗ ಗೊತ್ತದೇನು? ದಾಡಿ ನಾ ಮಾಡ್ತೀನಿ. ಹೊರಗ ಹೋದ್ರ ಮಂದಿ 'ವಿಮಾನದವ್ರು ಬಂದ್ರು' ಅಂತಾರ. ಅಷ್ಟರ ಮ್ಯಾಲ ಅವರ ಜೀವ ನಿಂತದ. ಅದನ್ನೂ ನಿನಗ ಕೊಡ್ಬೇಕೇನು?"

"ಕೊಡೂದಲ್ರಿ ಅತ್ಯಾರ. ಅದು ನಂದ."

"ಮನಿಯಾಗ ನಂದು ನಿಂದು ಅಂತ ನಾ ಎಂದೂ ಅಂದಿಲ್ಲ" ಎಂದಳು ಶಿವಬಸಮ್ಮ. "ನನಗ ಯಾರೂ ಕೇಳೂ ಇಲ್ಲ."

ಸೌಭಾಗ್ಯ ಸೀರೆ ಬದಲಿಸಿ ಬಂದು ರೊಟ್ಟಿ ಬಡಿಯಲು ಕೂತಳು.

ಮಕ್ಕಳು ಮನೆಗೆ ಬರುತ್ತಾರೆ, ವಿಡಿಯೋ ತೆಗೆಯುತ್ತಾರೆ ಎಂಬ ಸುದ್ದಿ ಜಗದೇವಪ್ಪನಿಗೆ ಜೀವ ತಂದಿತು. ಕೋಣೆಯ ಚಿಲಕ ತೆಗೆದ. ಎಲ್ಲರೊಡನೆ ಕೂತು ಉಂಡ. ನಂದಿನಿಯನ್ನು ಕರೆದು, "ಏನ್ ತಂಗಿ, ನಿಮ್ಮ ಸಾಲಿಯವ್ರು ಎಷ್ಟು ಮಂದಿ ಬರ್ತಾರ?" ಅಂದ. ಹುಡುಗಿ ಅವನ ತೊಡೆಗೆ ಬಿದ್ದು ಅತ್ತಳು. ಅವಳ ಬೆನ್ನ ಮೇಲೆ ಅವನ ಕೈ ತಾನೇ ತಾನಾಗಿ ತಟ್ಟುತ್ತಿತ್ತು.

ಆಮೇಲೆ ಸೊಸೆಯನ್ನು ಕೋಣೆಗೆ ಕರೆದ.

"ಹೆಂಗ ಮಾಡೂಣು ಹೇಳ್ತೀನಿ ಕೇಳು. ಮೊದಲ ನಾ ನಕ್ಷಾ ತೋರಸ್ತೀನಿ. ಆಮ್ಯಾಲ ಬ್ಲೇಡು ಹಿಡದಂಗ ಮಾಡಿ, 'ಇನ್ನ ನೀ ಮಾಡವ್ವಾ, ನಾ ಮಕ್ಕಳ ಜೋಡಿ ಮಾತಾಡ್ತೀನಿ' ಅಂತೀನಿ. ಆಗ ನೀ ಬಂದು ಕೂಡು. ಯಾರಿಗೂ ಏನೂ ಅನಸೂದಿಲ್ಲ."

"ಹೂಂ."

"ಮನಸ್ಸಿನಾಗ ಏನೂ ಇಟ್ಕೋಬ್ಯಾಡ."

"ಹೂಂನ್ರಿ."

ಬೀರಣ್ಣ ಹತ್ತಾರು ಮಕ್ಕಳನ್ನು ಕರೆದುಕೊಂಡು ಬಂದ. ಪಡಸಾಲೆಯ ತುಂಬ ಚಪ್ಪಲಿ ಬಿದ್ದವು. ಮೇಜನ್ನು ಕೋಣೆಯ ನಡುವೆ ಎಳೆದು ಆವ್ರೋದ ಒಡಲನ್ನೂ ಎಡರೆಕ್ಕೆಯನ್ನೂ ಅದರ ಮೇಲಿಟ್ಟಿದ್ದರು. ಸಂಗಮನಾಥ ಅಂಗಡಿ ಮುಚ್ಚಿ ಬಂದು ಬಾಗಿಲಲ್ಲಿ ನಿಂತಿದ್ದ. ಜಗದೇವಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಕೈ ಹಿಂದೆ ಕಟ್ಟಿ, ಒಳ್ಳೆಯ ದನಿಯಲ್ಲಿ, ಆವ್ರೋ ಎಷ್ಟು ಜನರನ್ನು ಹೊರುತ್ತಿತ್ತು, ಚಳಿಯಲ್ಲಿ ಅದರ ಎಂಜಿನ್ನು ಹೇಗೆ ಹಟ ಮಾಡುತ್ತಿತ್ತು ಎಂದೆಲ್ಲ ಹೇಳಿದ. ಮಕ್ಕಳು ಬಾಯಿ ತೆರೆದು ಕೇಳಿದವು. ಒಂದೊಂದು ಮಾತಿಗೂ ನಂದಿನಿ ಗೆಳತಿಯರ ಮುಖ ನೋಡುತ್ತಿದ್ದಳು.

"ಈಗ ಕೊಯ್ಯೂದು ತೋರಸ್ರಿ ಅಪ್ಪಾರ" ಎಂದ ಬೀರಣ್ಣ, ಮೊಬೈಲು ಎತ್ತಿ ಹಿಡಿದು.

ಜಗದೇವಪ್ಪ ಬ್ಲೇಡು ಎತ್ತಿ, ಹಲಗೆಯ ಮೇಲೆ ಇಟ್ಟಂತೆ ಮಾಡಿ, ಸೊಸೆಯ ಕಡೆ ನೋಡಿದ. "ಇನ್ನ ನೀ ಮಾಡವ್ವಾ. ನಾ ಮಕ್ಕಳ ಜೋಡಿ ಮಾತಾಡ್ತೀನಿ."

ಸೌಭಾಗ್ಯ ಮೂಲೆಯಿಂದ ಕದಲಲಿಲ್ಲ. "ಒಲಿ ಮ್ಯಾಲ ಚಾ ಇಟ್ಟೀನ್ರಿ ಮಾವಾರ. ನೀವ ಮಾಡ್ರಿ, ಮಕ್ಕಳು ನೋಡ್ಲಿ."

ಅವಳು ಎಲ್ಲರ ನಡುವೆ ಹಾದು ಒಳಗೆ ಹೋದಳು. ಸಂಗಮನಾಥ ಅವಳ ತೋಳು ಹಿಡಿಯಲು ಕೈ ಚಾಚಿದ. ಮಂದಿ ಇದ್ದಾರೆಂದು ಹಿಂದೆಗೆದ.

ಬ್ಲೇಡು ಕಟ್ಟಿಗೆಯ ಮೇಲೆ ಟಕಟಕ ಬಡಿಯಿತು. ಜಗದೇವಪ್ಪ ಬಲಗೈಯನ್ನು ಎಡಗೈಯಿಂದ ಹಿಡಿದು ಒತ್ತಿದ. ಹಲಗೆ ಸೀಳಿತು. "ಕಟ್ಟಿಗಿ ಹಸಿ ಅದ" ಎಂದು ಇನ್ನೊಂದು ತೆಗೆದುಕೊಂಡ. ಅದೂ ಸೀಳಿತು. ಮೂರನೆಯದಕ್ಕೆ ಕೈ ಚಾಚುವಾಗ ಮೊಣಕೈ ತಗುಲಿ ಎಡರೆಕ್ಕೆ ಮೇಜಿನಿಂದ ಕೆಳಗೆ ಬಿತ್ತು. ಹಿಂದೆ ನಿಂತಿದ್ದ ಒಬ್ಬ ಹುಡುಗ ನಕ್ಕ. ಅವನನ್ನು ನೋಡಿ ಇನ್ನಿಬ್ಬರು. ಬೀರಣ್ಣ ಮೊಬೈಲು ಕಿಸೆಗೆ ಹಾಕಿ, "ಏ, ಸುಮ್ನಿರ್ರಿ" ಎಂದು ಗದರಿದ.

ನಂದಿನಿ ಅಡುಗೆಮನೆಗೆ ಓಡಿ ಬಂದಳು.

"ಮಮ್ಮಿ, ಬಾ. ಜಲ್ದಿ ಬಾ. ಮುತ್ತ್ಯಾಗ ಆಗವಲ್ದು."

ಸೌಭಾಗ್ಯ ಗೋಡೆಗೆ ಒರಗಿ ನಿಂತಿದ್ದಳು. ಒಲೆ ಹೊತ್ತಿಸಿರಲಿಲ್ಲ. ಚಹಾದ ಪಾತ್ರೆ ಗೂಟದಲ್ಲೇ ತೂಗುತ್ತಿತ್ತು.

"ಚಾ ಎಲ್ಲದ?" ಅಂದಳು ಹುಡುಗಿ.

ತಾಯಿ ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು.

"ಎಲ್ಲಾರೂ ನಗಾಕತ್ತಾರ, ಮಮ್ಮಿ!"

"ನಗ್ಲಿ."

ನಂದಿನಿ ತಾಯಿಯನ್ನು ಸ್ವಲ್ಪ ಹೊತ್ತು ನೋಡಿ ಹೊರಗೆ ಹೋದಳು. ಬೀರಣ್ಣ, "ಅಪ್ಪಾರಿಗೆ ಇವತ್ತ ಆರಾಮಿಲ್ಲ, ಇನ್ನೊಮ್ಮಿ ಬರೂಣು" ಎನ್ನುತ್ತ ಮಕ್ಕಳನ್ನು ಹೊರಡಿಸಿದ. ಚಪ್ಪಲಿ ಹುಡುಕುವ ಗದ್ದಲ ಮುಗಿದ ಮೇಲೆ ಶಿವಬಸಮ್ಮ ಬಂದು ಬಿದ್ದಿದ್ದ ರೆಕ್ಕೆ ಎತ್ತಿಟ್ಟಳು.

ಆ ದಿನ ಸಂಗಮನಾಥ ಹೆಂಡತಿಯ ಮೇಲೆ ಕೈ ಎತ್ತಿದ. ಹೊಡೆಯಲಿಲ್ಲ. "ನಿನ್ನ ಹಟ ಗೆದ್ದಿತಿಲ್ಲ? ಈಗ ಏನ್ ಸಿಕ್ಕಿತು?" ಎಂದ.

"ನನಗ ಏನ್ ಸಿಕ್ಕಿಲ್ಲ ಅಂತ ನೀವು ಮೊದಲ ಕೇಳಬೇಕಿತ್ತು" ಎಂದಳು ಅವಳು.

ಮರುದಿನ ಬೆಳಿಗ್ಗೆ ಶಿವಬಸಮ್ಮ ಹಂಡೆಯ ಒಲೆಗೆ ಆವ್ರೋ ಹಾಕಿದಳು. ಗಂಡನೇ ಹೇಳಿದ್ದ. ಮೊದಲು ಒಡಲು, ಆಮೇಲೆ ಎಡರೆಕ್ಕೆ. ಸೌಭಾಗ್ಯ ಒಗೆಯುವ ಬಟ್ಟೆ ಹಿಡಿದು ಬಚ್ಚಲ ಬಾಗಿಲಿಗೆ ಬಂದವಳು ಹಾಗೇ ನಿಂತಳು. ಅವಳು ಒಂದೊಂದಾಗಿ ಕೊಯ್ದು ತಿಕ್ಕಿದ ಎಲುಬುಗಳು ಕಾಗದದಂತೆ ಭಗ್ಗೆಂದು ಹತ್ತಿ, ಕಪ್ಪಾಗಿ ಸುರುಳಿಕೊಂಡವು. ನೀರು ಬೆಚ್ಚಗೂ ಆಗಲಿಲ್ಲ. ಶಿವಬಸಮ್ಮ ಮತ್ತೆರಡು ಬೆರಣಿ ತುರುಕಿ, "ಬಿಸಿನೀರು ಆತಂದ್ರ ಅವರಿಗೆ ಹೇಳು" ಎಂದು ಎದ್ದುಹೋದಳು.

ಕಪಾಟು ಹಾಗೇ ಉಳಿಯಿತು, ಆದರೆ ಕೋಣೆಗೆ ಯಾರೂ ಹೋಗುತ್ತಿರಲಿಲ್ಲ. ಅಂಗಡಿಯಲ್ಲಿ ಜಾಗ ಸಾಲದೆಂದು ಸಂಗಮನಾಥ ಸುಟ್ಟ ಮೋಟಾರುಗಳನ್ನು ತಂದು ಅಲ್ಲಿ ಒಟ್ಟತೊಡಗಿದ. ರೇಣುಕಾದೇವಿ ಕಲಬುರಗಿಯಿಂದ ಯಾರನ್ನೋ ಕರೆಸಿದಳಂತೆ. ಅವರು ಮಕ್ಕಳಿಗೆ ರಂಗೋಲಿ ಹೇಳಿಕೊಡುತ್ತಿದ್ದರು. ನಂದಿನಿಯನ್ನು ಶಾಲೆಯಲ್ಲಿ ಕೆಲವರು "ಹಸಿ ಕಟ್ಟಿಗಿ" ಎಂದು ಕಾಡುತ್ತಿದ್ದರು. ಅವಳು ಅದನ್ನು ತಾಯಿಗೆ ಹೇಳಲಿಲ್ಲ, ಅಜ್ಜಿಗೆ ಹೇಳಿದಳು. ಜಡೆಯನ್ನೂ ಈಗ ಅಜ್ಜಿಯ ಕೈಯಲ್ಲೇ ಹಾಕಿಸಿಕೊಳ್ಳುತ್ತಿದ್ದಳು. ಒಮ್ಮೆ ಸೌಭಾಗ್ಯ ಬಾಚಣಿಗೆ ಹಿಡಿದು ಕರೆದಾಗ, "ನೀ ಬರಬೇಕಿತ್ತು ಅವತ್ತ" ಎಂದಷ್ಟೇ ಹೇಳಿ ಎದ್ದುಹೋದಳು.

ಜಗದೇವಪ್ಪ ಹೊರಗೆ ಹೋಗುವುದನ್ನು ಬಿಟ್ಟ. ಡಾಕ್ಟರು ಗುಳಿಗೆ ಹೆಚ್ಚಿಸಿದರು. ಒಂದು ಮಧ್ಯಾಹ್ನ ಶಿವಬಸಮ್ಮ ದೋರನಹಳ್ಳಿಗೆ ತಂಗಿಯ ಮನೆಗೆ ಹೋಗಿದ್ದಾಗ ಗುಳಿಗೆ ಕೊಡುವ ಕೆಲಸ ಸೌಭಾಗ್ಯಳ ಪಾಲಿಗೆ ಬಂತು. ಅವನು ಪಡಸಾಲೆಯ ಮಂಚದ ಮೇಲೆ ಕೂತಿದ್ದ. ಶಾಲು ಇರಲಿಲ್ಲ. ಕೈಗಳು ತೊಡೆಯ ಮೇಲೆ ತಮ್ಮಷ್ಟಕ್ಕೆ ಆಡುತ್ತಿದ್ದವು.

"ಅವತ್ತ ನೀ ಬೇಕಂತನ ಒಳಗ ಹೋದಿ" ಅಂದ.

"ಹೌದ್ರಿ."

"ಗೊತ್ತಿತ್ತು." ಕಣ್ಣನ್ನು ಬೀದಿಯ ಕಡೆ ಹೊರಳಿಸಿದ. "ಯಾದಗಿರ್ಯಾಗ ನಿನ್ನ ಹೆಸರು ನಾಲಿಗಿ ತನ ಬಂದಿತ್ತು. ಬೇಕಂತನ ನುಂಗಿದೆ."

"ಯಾಕ್ರಿ?"

"ಹೇಳಿದ್ರ ಎಲ್ಲಾರೂ ನಿನ್ನ ಕಡಿ ನೋಡ್ತಿದ್ರು."

"ನೋಡ್ಲಿ ಅಂತ ನನಗೂ ಇತ್ತು, ಮಾವಾರ."

ಅವನು ತಲೆ ಆಡಿಸಿದ. ಹೌದೆಂದು ಆಡಿಸಿದನೋ, ಅದೂ ನಡುಕವೋ ಅವಳಿಗೆ ತಿಳಿಯಲಿಲ್ಲ. ಅವಳು ಎದುರಿಗೆ ಕೂತು ಗುಳಿಗೆ ಬಿಡಿಸಿ ಅವನ ಅಂಗೈ ಮೇಲಿಟ್ಟಳು. ಅದು ಅಂಗೈಯಿಂದ ಜಾರಿ, ನೆಲಕ್ಕೆ ಬಿದ್ದು, ಬಾಗಿಲ ಹೊಸ್ತಿಲವರೆಗೆ ಉರುಳಿಹೋಗಿ ನಿಂತಿತು. ಇಬ್ಬರೂ ಅದನ್ನೇ ನೋಡುತ್ತ ಕೂತರು. ಎದ್ದುಹೋಗಿ ತಂದುಕೊಡುವುದಕ್ಕೆ ಸೌಭಾಗ್ಯ ಸ್ವಲ್ಪ ತಡ ಮಾಡಿದಳು.